‘ಅಂತೆ’ ಕಂಡಲ್ಲೆಲ್ಲ ಉಪಮೆಯಿಲ್ಲ

ಮಾನ್ಯ ಸಂಪಾದಕರೇ,

ಅಲಂಕಾರದ ಪಾಠದಲ್ಲಿ ‘ಅಂತೆ’, ‘ಹಾಗೆ’ ಕಂಡರೆ ಉಪಮೆ, ಅಂದರೆ ಒಂದನ್ನು ಇನ್ನೊಂದಕ್ಕೆ ಹೋಲಿಸುವುದು. ‘ಎಂಬ’ ಕಂಡರೆ ರೂಪಕ, ಅಂದರೆ ಎರಡನ್ನೂ ಒಂದೇ ಎನ್ನುವುದು. ಗೈಡುಗಳು ಕಲಿಸುವ ಈ ಸೂತ್ರ ಪರೀಕ್ಷೆಯ ಹಿಂದಿನ ರಾತ್ರಿಗೆ ಒದಗೀತು, ಪದ್ಯ ಓದುವುದಕ್ಕೆ ಒದಗದು. ‘ಅವನು ಊರಿಗೆ ಹೋದನಂತೆ’ ಎಂಬಲ್ಲಿ ‘ಅಂತೆ’ ಬಂದಿರುವುದು ಕೇಳಿದ ಸುದ್ದಿಗೆ. ‘ಹೇಳಿದಂತೆ ಮಾಡು’ ಎಂಬಲ್ಲಿ ರೀತಿಗೆ, ‘ಮಳೆ ಬರುವಂತಿದೆ’ ಎಂಬಲ್ಲಿ ಊಹೆಗೆ. ಮೂರರಲ್ಲೂ ಹೋಲಿಸಿದ ಎರಡು ವಸ್ತುಗಳೇ ಇಲ್ಲ. ಉಪಮೆ ಎಲ್ಲಿಂದ ಬರಬೇಕು? ಹಾಗೆಯೇ ‘ರಾಮನೆಂಬ ಹುಡುಗ’ ರೂಪಕವಲ್ಲ. ‘ಎಂಬ’ ಇಲ್ಲದ ‘ಸಂಸಾರಸಾಗರ’ ರೂಪಕ.

ಹೋಲಿಕೆಯನ್ನು ಸೂಚಿಸುವ ‘ಅಂತೆ’, ‘ಹಾಗೆ’ಯಂಥ ವಾಚಕಪದದಿಂದ ಹೊರಟರೆ ದಾರಿ ತಪ್ಪುತ್ತದೆ. ಮಾತು ಯಾವುದರ ಬಗ್ಗೆ? ಅದು ಉಪಮೇಯ. ಅದನ್ನು ತೋರಿಸಲು ಹೊರಗಿನಿಂದ ತಂದದ್ದು ಯಾವುದು? ಅದು ಉಪಮಾನ. ಎರಡಕ್ಕೂ ಹೊಂದುವ ಗುಣ ಅಥವಾ ಕ್ರಿಯೆ ಸಮಾನಧರ್ಮ. ವಾಚಕಪದ ಹುಡುಕುವುದು ಕೊನೆಗೆ.

‘ಅಜ್ಜಿಯ ಕೈ ಒಣಗಿದ ಎಲೆಯಂತೆ ನಡುಗುತ್ತಿತ್ತು.’ ನಾಲ್ಕೂ ಅಂಗಗಳಿವೆ, ಪೂರ್ಣೋಪಮೆ. ಈಗ ‘ಅಜ್ಜಿಯ ಕೈ ಒಣಗಿದ ಎಲೆಯಂತಿತ್ತು’ ಎನ್ನಿ. ಸಮಾನಧರ್ಮ ಮರೆಯಾಗಿ ಲುಪ್ತೋಪಮೆಯಾಯಿತು. ನಡುಕವೋ, ಒರಟುತನವೋ, ಎದ್ದು ಕಾಣುವ ನರಗಳೋ, ಇನ್ನೇನು ಉದುರಲಿರುವ ಜೀವವೋ, ಓದುವವರೇ ತುಂಬಿಕೊಳ್ಳಬೇಕು. ಒಂದು ಪದ ಹೋದದ್ದಕ್ಕೆ ಇಷ್ಟೆಲ್ಲ ಅರ್ಥ ಒಳಗೆ ಬಂತು. ತರಗತಿ ಸ್ವಲ್ಪ ಹೊತ್ತು ನಿಲ್ಲಬೇಕಾದ ಜಾಗವೇ ಇದು. ಅಲ್ಲಿ ಹೆಸರು ಬರೆಸಿ ಪುಟ ತಿರುಗಿಸುವುದು ನೋವಿನ ಸಂಗತಿ.

‘ಗಾಳಿಗೆ ಸಿಕ್ಕ ಎಲೆಯೋ ಏನೋ ಎಂಬಂತೆ ಕೈ ನಡುಗುತ್ತಿತ್ತು’ ಎಂದಾಗಲೂ ‘ಅಂತೆ’ ಇದೆ. ಮಕ್ಕಳು ಎಡವುವುದು ಇಲ್ಲೇ. ಇದು ಬರೀ ಹೋಲಿಕೆಯಲ್ಲ, ಒಂದನ್ನು ಮತ್ತೊಂದಿರಬಹುದೆಂದು ಕಲ್ಪಿಸುವುದು, ಉತ್ಪ್ರೇಕ್ಷೆ. ಗೊಂದಲಕ್ಕೆ ಪತ್ರಿಕೆಗಳ ಪಾಲೂ ಇದೆ: ಸುದ್ದಿಯ ಭಾಷೆಯಲ್ಲಿ ‘ಉತ್ಪ್ರೇಕ್ಷೆ’ ಎಂದರೆ ಇದ್ದದ್ದಕ್ಕಿಂತ ಹೆಚ್ಚು ಹೇಳುವುದು. ಅಲಂಕಾರಶಾಸ್ತ್ರದಲ್ಲಿ ಆ ಕೆಲಸ ಅತಿಶಯೋಕ್ತಿಯದು. ಈ ವ್ಯತ್ಯಾಸವನ್ನು ಪಾಠದ ಮೊದಲ ದಿನವೇ ಹೇಳಿಬಿಡಬೇಕು.

ದೃಷ್ಟಾಂತ ಎಂಬ ಅಲಂಕಾರದಲ್ಲಿ ವಾಚಕಪದವೇ ಇರುವುದಿಲ್ಲ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯಲ್ಲಿ ಎರಡು ವಾಕ್ಯಗಳು ಬಿಂಬ–ಪ್ರತಿಬಿಂಬಗಳಂತೆ ಎದುರುಬದುರು ನಿಂತಿವೆ. ಊಟಕ್ಕೆ ಮಾತು, ರೋಗಕ್ಕೆ ಜಗಳ ಎಂದು ಜೋಡಿಸಿ ನೋಡಿದರೆ ಸಾಕು.

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ಒಂದು ಕೋರಿಕೆ. ‘ಅಲಂಕಾರ ಹೆಸರಿಸಿ, ಸಮನ್ವಯಗೊಳಿಸಿ’ ಎಂಬುದರ ಜೊತೆಗೆ ‘ಇಲ್ಲಿ ಈ ಉಪಮಾನವೇ ಏಕೆ? ಬೇರೆಯದು ಬಂದಿದ್ದರೆ ಅರ್ಥ ಹೇಗೆ ಬದಲಾಗುತ್ತಿತ್ತು?’ ಎಂದೂ ಎರಡು ವಾಕ್ಯದಲ್ಲಿ ಬರೆಯಲು ಕೇಳಿ. ಉದಾಹರಣೆಗಳೂ ಪಾಠದಲ್ಲಿ ಬಾರದ ಹೊಸ ವಾಕ್ಯಗಳಾಗಿರಲಿ.

ಇಂತಿ,
ಕನ್ನಡ ಅಧ್ಯಾಪಕರು