‘ಸೀಟಾಯ್ತಾ?’ ಎಂದು ಈಗ ಕೇಳಬೇಡಿ

ಮಾನ್ಯರೇ,

ನನ್ನ ಮಗಳು ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜೊಂದರಲ್ಲಿ (ಪದವಿಯ ಮೊದಲ ಎರಡು ವರ್ಷ ಕಲಿಸುವ ಕಾಲೇಜು) ಎರಡು ವರ್ಷ ಓದಿ, ಮೂರನೇ ವರ್ಷಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ವರ್ಗಾವಣೆ ಬಯಸಿ ನವೆಂಬರ್‌ನಲ್ಲಿ ಅರ್ಜಿ ಹಾಕಿದ್ದಾಳೆ. ಜನವರಿಯಲ್ಲಿ ಹೊಸ ಅಂಕಗಳನ್ನೂ ತುಂಬಿದ್ದಾಯಿತು. ಉತ್ತರಕ್ಕೆ ಏಪ್ರಿಲ್ ಕೊನೆಯವರೆಗೂ ಕಾಯಬೇಕು. ಸೀಟು ಸಿಕ್ಕರೆ ಜೂನ್ 1ರೊಳಗೆ ಒಪ್ಪಿಗೆ ತಿಳಿಸಬೇಕು. ಹಣದ ನೆರವು, ಬಾಡಿಗೆ ಮನೆ ಎಲ್ಲ ಅಷ್ಟರಲ್ಲೇ ಲೆಕ್ಕ ಹಾಕಬೇಕು.

ಊರಿನಿಂದ ಫೋನ್ ಬಂದಾಗಲೆಲ್ಲ ಅದೇ ಪ್ರಶ್ನೆ, ‘ಸೀಟಾಯ್ತಾ?’. ಸಿಇಟಿಯಲ್ಲಾದರೆ ರ‍್ಯಾಂಕ್ ನೋಡಿ ಅಂದಾಜು ಮಾಡಬಹುದು. ಇಲ್ಲಿ ಅಂಥ ಒಂದೇ ಪಟ್ಟಿ ಇಲ್ಲ. ಮಗಳು ಮಾತು ಬದಲಿಸಿ ಎದ್ದು ಹೋಗುತ್ತಾಳೆ. ನೋಡಿ ಸಂಕಟವಾಗುತ್ತದೆ.

ಇಲ್ಲಿರುವ ಕನ್ನಡ ಕುಟುಂಬಗಳಿಗೆ ಒಂದು ವಿಷಯ ಹೇಳಬೇಕು. ಕಮ್ಯುನಿಟಿ ಕಾಲೇಜಿನ ಮಕ್ಕಳು ಇದೇ ಯೂನಿವರ್ಸಿಟಿಯ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಕ್ಯಾಂಪಸ್‌ಗಳ ಪೈಕಿ ಒಂದಕ್ಕೆ ಸೆಪ್ಟೆಂಬರ್‌ನಲ್ಲೇ ಖಾತರಿ ಪ್ರವೇಶ ಕೋರಬಹುದು. ಎಲ್ಲ ವಿಷಯಗಳಿಗೂ ಇಲ್ಲ, ನಿಗದಿತ ಅಂಕಗಳೂ ಬೇಕು. ಬರ್ಕ್ಲಿ, ಲಾಸ್ ಏಂಜಲೀಸ್‌ಗಳಲ್ಲಿ ಈ ಸೌಲಭ್ಯವಿಲ್ಲ. ನಮಗಿದು ಗೊತ್ತಾಗುವಷ್ಟರಲ್ಲಿ ಅಕ್ಟೋಬರ್ ಬಂದಿತ್ತು. ನೀವು ಕಾಲೇಜಿನ ಕೌನ್ಸೆಲರನ್ನು ಮೊದಲ ವರ್ಷವೇ ಕಂಡು ಕೇಳಿ.

– ಒಬ್ಬ ತಾಯಿ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ