ಬಲೆ ಕೊಯ್ದವರಿಗೆ

ಮೊನ್ನೆ ಪಿಎಚ್‌ಡಿ ವೈವಾ ಮುಗಿಯಿತು. ಸುದ್ದಿ ಕೇಳಿ ಗಂಗೊಳ್ಳಿಯಿಂದ ಅಪ್ಪ ಹೇಳಿದ್ದು ಇಷ್ಟೇ: "ಬಲಿ ಕೊಯ್ದನಿಗೆ ಮೊದ್ಲ್ ಕೈ ಮುಗಿ ಮಗಾ." ಮೂವತ್ತು ವರ್ಷ ಬಲೆ ಎಳೆದವರ ಮಾತು, ಹಾಗಾಗಿ ಮೊದಲು ಅದೇ.

ಗುಜರಾತಿನ ಸೌರಾಷ್ಟ್ರ ಕರಾವಳಿಯ ಸೂತ್ರಾಪಾಡಾದ ಮೀನುಗಾರ ಅಣ್ಣಂದಿರಿಗೆ ನಮಸ್ಕಾರ. ವೇಲ್ ಶಾರ್ಕ್ ಎಂಬ ದೈತ್ಯ ಮೀನು ಹೋಗುವ ದಾರಿ ತಿಳಿಯಲು ಅದಕ್ಕೆ ಉಪಗ್ರಹ ಟ್ಯಾಗ್ ಹಾಕುವುದು ನನ್ನ ಕೆಲಸ. ನಾನು ಟ್ಯಾಗ್ ಹಾಕಿದ ಮೀನುಗಳೆಲ್ಲ ನಿಮ್ಮ ಬಲೆಗೆ ಬಿದ್ದವೇ. ಒಂದೊಂದನ್ನು ಬಿಡುವಾಗಲೂ ಯಾರಾದರೊಬ್ಬರ ಬಲೆ ಹರಿದಿದೆ. ಪರಿಹಾರವನ್ನೇನೋ ಅರಣ್ಯ ಇಲಾಖೆ ಕೊಡುತ್ತದೆ. ಅವತ್ತಿನ ಮೀನು, ಡೀಸೆಲ್ಲು ಹೋಗಿದ್ದು ಹೋಗಿದ್ದೇ.

ಹಿಂದೆ ಇದೇ ಕಡಲಲ್ಲಿ ಇದಕ್ಕೆ ಕೊಕ್ಕೆ ಹಾಕಿ, ಪೀಪಾಯಿ ಕಟ್ಟಿ, ದಣಿಸಿ ಹಿಡಿಯುತ್ತಿದ್ದರು. ಅದಕ್ಕೇ ಇದರ ಹೆಸರು 'ಬ್ಯಾರಲ್' ಆಗಿತ್ತು. 2001ರಲ್ಲಿ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಿಗೆ ಸೇರಿತು, ಬೇಟೆ ನಿಷೇಧವಾಯಿತು. ಆದರೆ ಕಾಯ್ದೆಗಿಂತ ಹೆಚ್ಚು ನಾಟಿದ್ದು ರಾಮಕಥೆ ಹೇಳುವ ಮೊರಾರಿ ಬಾಪು ಕೊಟ್ಟ ಹೋಲಿಕೆ ಅಂತ ನನಗನ್ನಿಸುತ್ತದೆ: ಹೆರಿಗೆಗೆ ತವರಿಗೆ ಬಂದ ಮಗಳು. ಈಗ ಅಲ್ಲಿ ಇದು 'ವ್ಹಾಲಿ', ಮುದ್ದಿನವಳು.

ನನ್ನ ಮೊದಲ ಟ್ಯಾಗ್ ಹನ್ನೊಂದೇ ದಿನಕ್ಕೆ ಕಳಚಿಹೋಯಿತು. ಮುಂದಿನದು ಬರಲು ಎಂಟು ತಿಂಗಳು (ಕಸ್ಟಮ್ಸ್ ಕತೆ ಬೇಡ ಬಿಡಿ). ಅದನ್ನು ಹಾಕಿದ ದಿನ ಬೆಳಗಿನ ಜಾವ ಟಂಡೇಲ್ (ಬೋಟು ನಡೆಸುವ ಮುಖ್ಯಸ್ಥ) ಕಾಕಾ ಫೋನ್ ಮಾಡಿ, ನಾವು ಮುಟ್ಟುವವರೆಗೆ ಎರಡು ತಾಸು ಬೋಟು ನಿಲ್ಲಿಸಿಕೊಂಡು ಕಾದರು. ಬೋಟಿನ ಅರ್ಧದಷ್ಟು ಉದ್ದದ ಮೀನು. ಬೆನ್ನ ತುಂಬ ರಂಗೋಲಿಯ ಚುಕ್ಕಿ ಇಟ್ಟ ಹಾಗೆ. ನನ್ನ ಕೈ ನಡುಗುತ್ತಿತ್ತು. ಬೆನ್ನಿನ ರೆಕ್ಕೆಯ ಬುಡಕ್ಕೆ ಟ್ಯಾಗ್ ಕೂರುತ್ತಲೇ ಕಾಕಾ ಚಾಕು ತೆಗೆದರು. ಹೊಸ ಬಲೆ, ಹಸಿರು ನೈಲಾನಿನ ಹೊಳಪೂ ಮಾಸಿರಲಿಲ್ಲ. ಒಮ್ಮೆ ಅದರ ಮೇಲೆ ಕೈಯಾಡಿಸಿದರು, ಆಮೇಲೆ ಕೊಯ್ದರು.

ಟ್ಯಾಗ್ ನೀರಿನ ಮೇಲೆ ಬಂದರಷ್ಟೇ ಉಪಗ್ರಹಕ್ಕೆ ಸುದ್ದಿ ಮುಟ್ಟುತ್ತದೆ. ಮೀನು ಆಳಕ್ಕಿಳಿದರೆ ವಾರಗಟ್ಟಲೆ ಸದ್ದಿಲ್ಲ. ಆ ದಿನಗಳಲ್ಲಿ ಹತ್ತು ನಿಮಿಷಕ್ಕೊಮ್ಮೆ ಲ್ಯಾಪ್‌ಟಾಪ್ ತೆರೆಯುತ್ತಿದ್ದ ನನ್ನನ್ನು ಸಹಿಸಿಕೊಂಡ ರೂಮ್‌ಮೇಟ್‌ಗೂ, ಮೀನು ಇರುವ ಜಾಗವನ್ನು ನಿಖರವಾಗಿ ಹೇಳದ, ಬರೀ 'ಬಿ' ದರ್ಜೆಯ ಸಿಗ್ನಲ್ ಬಂದಾಗ "ಅದೂ ಡೇಟಾನೇ ಕಣಮ್ಮ" ಎಂದ ಗೈಡ್ ಮೇಡಂಗೂ ಋಣಿ.

ಕಾಕಾ ಪ್ರತಿ ಸಲ ಕೇಳುತ್ತಿದ್ದದ್ದು ಒಂದೇ: "ವ್ಹಾಲಿ ಎಲ್ಲಿದ್ದಾಳೆ?" ಮುಂದಿನ ವಾರ ಸೂತ್ರಾಪಾಡಾಕ್ಕೆ ಹೊರಟಿದ್ದೇನೆ. ಅವಳು ಹೋದ ದಾರಿಯ ನಕ್ಷೆ ಪ್ರಿಂಟ್ ತೆಗೆಸಿ ಲ್ಯಾಮಿನೇಟ್ ಮಾಡಿಸಿದ್ದೇನೆ. ಬೋಟಿನಲ್ಲಿಟ್ಟರೆ ಒದ್ದೆಯಾಗಬಾರದಲ್ಲ.