ಐದನೇ ಬೇಸಿಗೆ ದಾಟಿತು, ನಿಮ್ಮೆಲ್ಲರ ದಯೆ

ಎಲ್ಲರಿಗೂ ನಮಸ್ಕಾರ.

ಸುತ್ತ ಮನೆಗಳು, ಒಂದು ಮಗ್ಗುಲಲ್ಲಿ ಆಟೋ ಸ್ಟ್ಯಾಂಡು, ಹಿಂದಿನ ರಸ್ತೆಯಲ್ಲಿ ಕಲ್ಯಾಣ ಮಂಟಪ. ಇವುಗಳ ನಡುವೆ ದಾವಣಗೆರೆಯ ನಮ್ಮ ಬಡಾವಣೆಯ 20 ಗುಂಟೆ ಧ್ಯಾನವನ ಐದನೇ ಬೇಸಿಗೆ ದಾಟಿ ಮಳೆ ಕಂಡಿದೆ. ಬೇವು, ಹೊಂಗೆ, ಬಿಲ್ವ, ಸಂಪಿಗೆ, ಪಾರಿಜಾತ, ನಡುವೆ ಒಂದು ಅರಳಿ. ಸಣ್ಣ ಕಮಲದ ಕೊಳ, ಇಪ್ಪತ್ತು ಜನ ಕೂರುವ ಕುಟೀರ, ಬರಿಗಾಲಲ್ಲಿ ಸುತ್ತುವ ದಾರಿ. ಇಷ್ಟೇ ಆಸ್ತಿ. ಇಲ್ಲಿ ಬಂದು ಧ್ಯಾನಕ್ಕೆ ಕೂತವರ ಹೆಸರು ಹಾಜರಿ ಪುಸ್ತಕದಲ್ಲಿದೆ. ಒಂದು ದಿನವೂ ಕೂರದೆ ಇದನ್ನು ಉಳಿಸಿಕೊಟ್ಟವರ ಹೆಸರು ಅಲ್ಲಿಲ್ಲ. ಈ ಬರಹ ಮೊದಲು ಅವರಿಗೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚು, ಹಾಗಾಗಿ ಅವರ ಕೆಲಸವನ್ನಷ್ಟೇ ಬರೆಯುತ್ತೇವೆ.

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಂಕಲಿ ಮಠದ ಗುಹೆಗೆ ಬ್ಯಾಟರಿ ಹಿಡಿದು ಇಳಿದವರಿಗೆ ಗೊತ್ತು, ಅಲ್ಲಿ ಸದ್ದು ತಡೆಯುವುದೂ ಬಂಡೆ, ತಂಪು ಕೊಡುವುದೂ ಬಂಡೆ. ಊರೊಳಗಿನ ತೋಟಕ್ಕೆ ಆ ಭಾಗ್ಯವಿಲ್ಲ. ಇಲ್ಲಿ ನೆರಳನ್ನು ಬೆಳೆಸಬೇಕು, ಸದ್ದನ್ನು ಬೇಡಿಕೊಂಡು ಕಡಿಮೆ ಮಾಡಿಸಬೇಕು, ನೀರನ್ನು ಹೊತ್ತು ತರಬೇಕು. ಅಂದಹಾಗೆ ಅದೇ ಚಂದ್ರವಳ್ಳಿಯ ಬಂಡೆಯ ಮೇಲಿರುವ ಕದಂಬ ಮಯೂರಶರ್ಮನ ಶಾಸನ ಹೇಳುವುದೂ ಕೆರೆಯ ಮಾತನ್ನೇ. ನಾವೂ ನೀರಿನಿಂದಲೇ ಶುರು ಮಾಡುತ್ತೇವೆ.

2023ರಲ್ಲಿ ಮಳೆ ಕೈಕೊಟ್ಟಿತು. 2024ರ ಬೇಸಿಗೆಗೆ ಬೋರು ಗಾಳಿ ಉಗುಳತೊಡಗಿತು. ಕುಂದವಾಡ ಕೆರೆಗೆ ಬರುವ ಭದ್ರಾ ನಾಲೆಯ ನೀರು ಊರಿನವರು ಕುಡಿಯುವ ನೀರು, ಗಿಡಕ್ಕೆಂದು ಅದನ್ನು ಕೇಳುವುದು ನ್ಯಾಯವಲ್ಲ ಎಂಬುದರಲ್ಲಿ ನಮ್ಮಲ್ಲಿ ಎರಡು ಮಾತಿರಲಿಲ್ಲ. ಆಗ ತಮ್ಮ ಹೊಲದ ಬೋರಿನಿಂದ ವಾರಕ್ಕೊಂದು ಟ್ಯಾಂಕರ್ ತಂದವರು ಪಕ್ಕದ ಹಳ್ಳಿಯ ರೈತರೊಬ್ಬರು. ತಂದದ್ದಕ್ಕಿಂತ ಬಿಟ್ಟ ರೀತಿಗೆ ನಮ್ಮ ಕೃತಜ್ಞತೆ ಹೆಚ್ಚು. ಟ್ಯಾಂಕರಿನ ದಪ್ಪ ಪೈಪನ್ನು ನೇರ ಬುಡಕ್ಕೆ ಹಿಡಿದರೆ ಮಣ್ಣು ಕೊಚ್ಚಿ ಬೇರು ಮೇಲೆದ್ದು ನಿಲ್ಲುತ್ತದೆ, ಅರ್ಧ ನೀರು ಹರಿದು ರಸ್ತೆ ಸೇರುತ್ತದೆ. ಅವರು ಪ್ರತಿ ಸಲ ನೆಲದೊಳಗಿನ ನೀರಿನ ತೊಟ್ಟಿಗೆ, ಅಂದರೆ ಸಂಪಿನೊಳಕ್ಕೆ ನೀರು ಬಿಟ್ಟು, ಕೊನೆಯ ಬಿಂದಿಗೆಯಷ್ಟು ನೀರೂ ಇಳಿಯುವ ತನಕ ಕಾದು ಹೋಗುತ್ತಿದ್ದರು.

ಸಂಪಿನಿಂದ ಗಿಡಕ್ಕೆ ಹನಿ ನೀರಿನ ಡ್ರಿಪ್ ಪೈಪು ಇತ್ತು, ಆದರೆ ಬೋರಿನ ಗಡಸು ನೀರು ಗಂಟೆಗೆ ನಾಲ್ಕು ಲೀಟರ್ ಬಿಡಬೇಕಾದ ತೂತುಗಳನ್ನು ಬಿಳಿ ಉಪ್ಪಿನಿಂದ ಕಟ್ಟಿಬಿಟ್ಟಿತ್ತು. ಹದಿನೈದು ದಿನಕ್ಕೊಮ್ಮೆ ಗಿಡದ ಸಾಲಿನುದ್ದಕ್ಕೂ ಹೋಗುವ ಸಣ್ಣ ಪೈಪಿನ (ಲ್ಯಾಟರಲ್) ಕೊನೆ ಮುಚ್ಚಳ ಬಿಚ್ಚಿ ನೀರು ಹಾಯಿಸಿದ್ದರೆ ಅಷ್ಟು ಕೆಡುತ್ತಿರಲಿಲ್ಲ. ಅದು ನಮ್ಮ ಸೋಮಾರಿತನ. ಕೈಹಿಡಿದದ್ದು ಕುಂಬಾರ ಅಜ್ಜರೊಬ್ಬರ ಗಡಿಗೆ. ಹತ್ತು ಲೀಟರಿನ, ಬಣ್ಣ ಹೊಳಪು ಏನೂ ಬಳಿಯದ ಗಡಿಗೆಯನ್ನು ಬುಡದಿಂದ ಒಂದು, ಒಂದೂವರೆ ಅಡಿ ದೂರದಲ್ಲಿ ಕಂಠದವರೆಗೆ ಹೂಳಬೇಕು. ಒಮ್ಮೆ ತುಂಬಿದರೆ ನೀರು ಮೂರ್ನಾಲ್ಕು ದಿನ ಜಿನುಗುತ್ತದೆ, ಬೇರು ತಾನಾಗಿ ಗಡಿಗೆಯ ಮೈಗೆ ಬಂದು ಹೆಣೆದುಕೊಳ್ಳುತ್ತದೆ. ಬಾಯಿಗೆ ಮುಚ್ಚಳ ಬೇಕೇ ಬೇಕು, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ, ಹಲ್ಲಿ ಬಿದ್ದು ಸಾಯುತ್ತದೆ. ಗಡಸು ನೀರಿಗೆ ಗಡಿಗೆಯ ಸಣ್ಣ ರಂಧ್ರಗಳೂ ಒಂದೆರಡು ಬೇಸಿಗೆಯಲ್ಲಿ ಕಟ್ಟಿಕೊಳ್ಳುತ್ತವೆ. ಆಗ ಕಿತ್ತು, ವಿನೆಗರ್ ನೀರಲ್ಲಿ ನೆನೆಸಿ, ತೆಂಗಿನ ನಾರಿನಿಂದ ಉಜ್ಜಬೇಕು. ಹೀಗೆ ಉಜ್ಜಿದರೆ ಮತ್ತೆ ನಡೆಯುತ್ತದೆ ಎಂದು ತೋರಿಸಿಕೊಟ್ಟವರೂ ಅದೇ ಕುಂಬಾರ ಅಜ್ಜ. ಹೊಸ ಗಡಿಗೆ ಮಾರುವವರು ಹಳೆಯದನ್ನು ಉಳಿಸುವುದು ಹೇಳಿಕೊಡುವುದು ಎಲ್ಲಾ ಕಡೆ ಸಿಗುವ ಗುಣವಲ್ಲ.

ಚನ್ನಗಿರಿ ಕಡೆಯಿಂದ ಅಡಿಕೆ ಸಿಪ್ಪೆ ಕಳಿಸಿದವರಿಗೆ, ಅಕ್ಕಿ ಗಿರಣಿಯಿಂದ ಹೊಟ್ಟು ಕೊಟ್ಟವರಿಗೆ ನಮಸ್ಕಾರ. ಬುಡಕ್ಕೆ ನಾಲ್ಕು ಇಂಚು ದಪ್ಪ ಹೊದಿಸಿದರೆ ಬಿಸಿಲು ನೆಲ ಮುಟ್ಟುವುದಿಲ್ಲ. ಕಾಂಡದಿಂದ ಒಂದು ಗೇಣು ಬಿಟ್ಟು ಹೊದಿಸಬೇಕು ಎನ್ನುವುದನ್ನು ಮರೆತ ಕಡೆ ಮಳೆಗಾಲದಲ್ಲಿ ತೊಗಟೆ ಕೊಳೆಯಿತು, ಗೆದ್ದಲು ಹತ್ತಿತು. ಎರಡು ಸಂಪಿಗೆ ಹಾಗೇ ಹೋದವು.

ಇನ್ನು ದಾರಿಯ ಕಥೆ. ಇದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಮೊದಲ ವರ್ಷ ಗುತ್ತಿಗೆದಾರರೊಬ್ಬರು ಎರೆಯ ಮೇಲೇ ಸಿಮೆಂಟ್ ಹಾಕಿ ಕಡಪ ಕಲ್ಲು ಜೋಡಿಸಿದ್ದರು. ಒಂದೇ ಮಳೆಗಾಲಕ್ಕೆ ಕಲ್ಲುಗಳು ಹಲ್ಲು ಕಿರಿದವು. ಸಾಲದ್ದಕ್ಕೆ ಕಡಪ ಕರಿ ಕಲ್ಲು, ಏಪ್ರಿಲ್‌ನಲ್ಲಿ ಹತ್ತು ಗಂಟೆಯ ಮೇಲೆ ಬರಿಗಾಲಿಡುವ ಹಾಗಿಲ್ಲ. ಕಾಲು ಸುಡುತ್ತಿರುವಾಗ ಹೆಜ್ಜೆಯ ಮೇಲೆ ಗಮನ ಇಡಿ ಎಂದರೆ ಗಮನವೇನೋ ಇರುತ್ತದೆ, ಧ್ಯಾನ ಇರುವುದಿಲ್ಲ. ಅದನ್ನೆಲ್ಲ ಎತ್ತಿ ಹೊಸದಾಗಿ ಹಾಸಿದ ದುರ್ಗದ ಕಡೆಯ ಮೇಸ್ತ್ರಿ ಮಾಡಿದ್ದು ಇಷ್ಟು: ಒಂದೂವರೆ ಅಡಿ ಎರೆ ಮಣ್ಣು ತೆಗೆಸಿದರು. ಒಂದಡಿ ಗರಸನ್ನು ಎರಡು ಪದರವಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಹೊಡೆದು ದಿಮ್ಮಸು ಮಾಡಿಸಿದರು. ಮೇಲೆ ಮೂರು ಇಂಚು ಮರಳು, ಅದರ ಮೇಲೆ ಬಿಳಿ ಛಾಯೆಯ ಒರಟು ಹಾಸುಗಲ್ಲು, ಕಲ್ಲು ಕಲ್ಲಿನ ನಡುವೆ ಅರ್ಧ ಇಂಚು ಸಂದು. ಸಂದಿಗೆ ಸಿಮೆಂಟ್ ಬೇಡವೇ ಬೇಡ ಎಂದರು. ನೆಲ ಉಸಿರಾಡಿದಾಗ ಕಲ್ಲು ಅದರ ಜೊತೆ ಏರಿ ಇಳಿಯಬೇಕು, ಕಟ್ಟಿಹಾಕಿದರೆ ಒಡೆಯುತ್ತದೆ. ಮೂರು ಮಳೆಗಾಲ ಕಳೆದಿವೆ, ಎರಡೇ ಕಲ್ಲು ಅಲುಗಾಡುತ್ತಿವೆ.

ಕುಟೀರದ ಸೂರು ತಗಡಿನದು, ಹೆಂಚಿಗೆ ದುಡ್ಡು ಸಾಲಲಿಲ್ಲ. ಬಿಸಿಲು ಏರುತ್ತಿದ್ದಂತೆ ತಗಡು ಹಿಗ್ಗಿ ಟಕ್, ಟಕ್ ಎನ್ನುತ್ತದೆ. ಸರಿಯಾಗಿ ಮನಸ್ಸು ನಿಲ್ಲುವ ಹೊತ್ತಿಗೆ ಒಂದು ಟಕ್. ಬಡಾವಣೆಯ ವೆಲ್ಡಿಂಗ್ ಅಣ್ಣ ಏಣಿ ಹಾಕಿ ಹತ್ತಿ, ಸ್ಕ್ರೂ ತೂತುಗಳನ್ನು ಒಂದು ಸುತ್ತು ಅಗಲ ಮಾಡಿ, ರಬ್ಬರ್ ವಾಷರ್ ಕೊಟ್ಟು, ತಗಡು ಜಾರಲು ಜಾಗ ಮಾಡಿಕೊಟ್ಟರು. ಮೇಲೆ ಸುಣ್ಣದ ಬಿಳುಪು, ಕೆಳಗೆ ಬಿದಿರು ತಟ್ಟಿ. ಸದ್ದು ಪೂರ್ತಿ ಹೋಗಿಲ್ಲ, ಮಳೆ ಬಂದಾಗ ಈಗಲೂ ಮಾತು ಕೇಳಿಸುವುದಿಲ್ಲ. ಆದರೆ ಮಳೆಯ ಸದ್ದಿನ ಬಗ್ಗೆ ಈ ಊರಲ್ಲಿ ಯಾರೂ ದೂರು ಹೇಳುವುದಿಲ್ಲ.

ಕೂರುವ ದಿಂಬುಗಳು ಹತ್ತಿ ಹಿಂಜುವ ಹಿರಿಯರೊಬ್ಬರ ಕೈಕೆಲಸ. ದಾವಣಗೆರೆಯ ಹತ್ತಿ ಗಿರಣಿಗಳ ಕಾಲದಿಂದ ಹತ್ತಿ ಮುಟ್ಟಿ ಬಂದ ಕೈ. ಹದಿನಾಲ್ಕು ಇಂಚು ಅಗಲದ ದುಂಡು ದಿಂಬು, ಕೂತ ಮೇಲೂ ನಾಲ್ಕು ಇಂಚು ಎತ್ತರ ಉಳಿಯುವಷ್ಟು ಗಟ್ಟಿಯಾಗಿ ಹತ್ತಿ ತುಂಬಬೇಕು. ಕಾರಣ ಸರಳ. ಸೊಂಟ ಮಂಡಿಗಿಂತ ಎತ್ತರದಲ್ಲಿದ್ದರೆ ಬೆನ್ನು ತಾನೇ ನೆಟ್ಟಗಾಗುತ್ತದೆ. ಸೊಂಟ ಕುಸಿದರೆ ಬೆನ್ನು ಬಾಗಿ, ಭಾರ ತೊಡೆಯ ನರದ ಮೇಲೆ ಬಿದ್ದು ಹತ್ತೇ ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ. ಅಂಗಡಿಯ ಸ್ಪಂಜಿನ ದಿಂಬು ಮೊದಲ ದಿನ ಹಿತ, ಆರು ತಿಂಗಳಿಗೆ ಚಪಾತಿ. ಹತ್ತಿಯಾದರೆ ವರ್ಷಕ್ಕೊಮ್ಮೆ ಬಿಚ್ಚಿ ಹಿಂಜಿಸಿ ಮತ್ತೆ ತುಂಬಬಹುದು. ತಿಂಗಳಿಗೆರಡು ಸಲ ಬಿಸಿಲಿಗೆ ಹಾಕುವ ಕೆಲಸ ಎದುರು ಮನೆಯ ಅಕ್ಕಂದಿರದು, ಕೇಳದೇ ಮಾಡುತ್ತಾರೆ.

ಸದ್ದಿನ ವಿಷಯಕ್ಕೆ ಬರೋಣ. ಬೇಲಿಗಿಡ ಬೆಳೆಸಿದರೆ ಸದ್ದು ನಿಲ್ಲುತ್ತದೆ ಎಂದು ನರ್ಸರಿಯವರು ಹೇಳುವುದನ್ನು ನಂಬಬೇಡಿ. ಹಾರ್ನ್ ಸದ್ದಿಗೆ ಮೂರಡಿ ದಪ್ಪದ ಎಲೆಬೇಲಿ ಲೆಕ್ಕಕ್ಕಿಲ್ಲ. ಗಾಡಿ ಕಾಣಿಸುವುದಿಲ್ಲ, ಹಾಗಾಗಿ ಕಿರಿಕಿರಿ ಕಡಿಮೆ ಅನ್ನಿಸುತ್ತದೆ, ಅಷ್ಟೇ. ತಡೆಯುವುದು ಗೋಡೆ, ಅದಕ್ಕಿಂತ ಹೆಚ್ಚು ಮನುಷ್ಯರು. ಬೆಳಗ್ಗೆ ಆರರಿಂದ ಏಳರವರೆಗೆ ಆಟೋಗಳನ್ನು ಸ್ಟಾರ್ಟ್ ಮಾಡದೆ ತಳ್ಳಿಕೊಂಡು ಮೂಲೆ ದಾಟಿಸುವ ಸ್ಟ್ಯಾಂಡಿನ ಅಣ್ಣಂದಿರಿಗೆ ಏನು ಹೇಳಿದರೂ ಕಡಿಮೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು ಎಂದು ಕಾನೂನೇ ಇದೆ, ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್ ಮಿತಿಯೂ ಇದೆ. ಆದರೆ ಕಲ್ಯಾಣ ಮಂಟಪದವರು ಕಾನೂನಿನ ಮಾತು ಬರುವ ಮೊದಲೇ ಸ್ಪೀಕರ್ ಮುಖವನ್ನು ಒಳಕ್ಕೆ ತಿರುಗಿಸಿದರು. ಓಲಗದವರನ್ನು ಮಾತ್ರ ಯಾರೂ ತಡೆದಿಲ್ಲ, ತಡೆಯುವುದೂ ಬೇಡ.

ಹೂವಿನದು ನಾಜೂಕಾದ ವಿಷಯ. ಬೆಳಗಿನ ಜಾವ ಕೊಕ್ಕೆ ಕೋಲು, ಪ್ಲಾಸ್ಟಿಕ್ ಕವರ್ ಹಿಡಿದು ಬರುವವರಿಗೆ ಬೇಡ ಎನ್ನುವುದು ಹೇಗೆ? "ದೇವ್ರಿಗೆ ತಾನೇ ಬಿಡ್ರಿ" ಅನ್ನುತ್ತಾರೆ. ಅದಕ್ಕೆ ಉತ್ತರ ಕೊಟ್ಟವರು ಮೂಲೆ ಮನೆಯ ಅಜ್ಜಿ: "ದೇವ್ರಿಗೇ ಬಿಟ್ಟೀವಿ ಕಣವ್ವ, ಗಿಡದಾಗ." ಅಂದಿನಿಂದ ಒಂದು ಪದ್ಧತಿ ನಿಂತಿತು. ಉದುರಿದ ಪಾರಿಜಾತ ಯಾರು ಬೇಕಾದರೂ ಆಯ್ದುಕೊಳ್ಳಬಹುದು, ಗಿಡದ್ದು ಮುಟ್ಟುವಂತಿಲ್ಲ. ಬಿಲ್ವಕ್ಕೆ ಬೇರೆ ಲೆಕ್ಕ. ಶಿವರಾತ್ರಿ ಬರುವುದು ಮರ ತಾನೇ ಎಲೆ ಉದುರಿಸುವ ಕಾಲಕ್ಕೆ. ಉಳಿದ ಎಲೆಗೂ ರೆಂಬೆ ಮುರಿದರೆ ಹೊಸ ಚಿಗುರಿನ ಮೊಗ್ಗೇ ಹೋಗುತ್ತದೆ. ಈಗ ಸೋಮವಾರ ಮಾಲಿಯೇ ಕತ್ತರಿಯಿಂದ ಬಿಡಿಸಿ ಬುಟ್ಟಿಯಲ್ಲಿ ಗೇಟಿನ ಹತ್ತಿರ ಇಡುತ್ತಾರೆ. ಮನೆಗೆ ಐದೇ ದಳ. ಬುಟ್ಟಿ ಕಾಯಲು ಯಾರೂ ಇಲ್ಲ, ಆದರೂ ಸಂಜೆಗೆ ನಾಲ್ಕೈದು ದಳ ಉಳಿದಿರುತ್ತವೆ.

ಕೊಳಕ್ಕೆ ಗಪ್ಪಿ ಮೀನು ಕೊಟ್ಟ ಆರೋಗ್ಯ ಇಲಾಖೆಯ ಸಿಬ್ಬಂದಿಗೆ ಧನ್ಯವಾದ. ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು. ಕಮಲದ ಎಲೆ ನೀರನ್ನೆಲ್ಲ ಮುಚ್ಚಿದರೆ ಮೀನಿಗೆ ಮರಿಹುಳು ಸಿಗುವುದಿಲ್ಲ, ಮೂರರಲ್ಲಿ ಒಂದು ಭಾಗ ತೆರೆದಿರಬೇಕು ಎಂದು ಅವರೇ ಎಲೆ ಕತ್ತರಿಸಿ ತೋರಿಸಿದರು.

ಕೊನೆಗೆ ಬಂದು ಕೂತವರಿಗೆ. ಮೊದಲ ಸಲ ಬರುವವರಿಗೆ ದಾರಿ ತೋರಿಸುತ್ತ ಬಂದ ಹಳಬರಿಗೆ ವಿಶೇಷವಾಗಿ. ಅವರು ಹೇಳುವುದನ್ನೇ ಇಲ್ಲಿ ಬರೆದರೆ ಹೊಸಬರಿಗೂ ಅನುಕೂಲ. ಹತ್ತು ನಿಮಿಷ ಮೊದಲು ಬನ್ನಿ, ದಾರಿಯನ್ನು ಎರಡು ಸುತ್ತು ನಿಧಾನ ನಡೆಯಿರಿ, ರಸ್ತೆಯ ಓಟ ಕಾಲಿನಿಂದ ಇಳಿಯಲಿ. ಫೋನ್ ಸೈಲೆಂಟ್ ಅಲ್ಲ, ಆಫ್. ಸೈಲೆಂಟಿನಲ್ಲೂ ಅಲಾರಂ ಕೂಗುತ್ತದೆ, ಆರೂವರೆಗೆ ಯಾರದ್ದಾದರೂ ಒಂದು ಕೂಗಿಯೇ ತೀರುತ್ತದೆ. ಗಂಟೆ ಮೂರು ಸಲ ಬಾರಿಸಿದ ಮೇಲೆ ಇಪ್ಪತ್ತು ನಿಮಿಷ. ಉಸಿರನ್ನು ಎಳೆಯಬೇಡಿ, ಅದು ಬರುವುದನ್ನು ಮೂಗಿನ ತುದಿಯಲ್ಲಿ ಗಮನಿಸಿ, ಬಿಡುವಾಗ ಒಂದು, ಎರಡು ಎಂದು ಹತ್ತರವರೆಗೆ ಎಣಿಸಿ ಮತ್ತೆ ಒಂದರಿಂದ. ಲೆಕ್ಕ ತಪ್ಪಿದ್ದು ಗೊತ್ತಾದ ಕ್ಷಣವೇ ಮನಸ್ಸು ವಾಪಸ್ ಬಂದಾಯಿತು, ಬೇಸರ ಬೇಡ. ಹದಿನೇಳು ಹದಿನೆಂಟಕ್ಕೆ ಹೋಗಿದ್ದರೆ ಎಣಿಕೆ ನಡೆದಿದೆ, ಗಮನ ಎಲ್ಲೋ ಇತ್ತು ಎಂದರ್ಥ. ಜೋಮು ಹಿಡಿದರೆ ಸಹಿಸುತ್ತ ಕೂರುವುದು ಸಾಧನೆಯಲ್ಲ, ಕಾಲು ಚಾಚಿ. ಎದ್ದ ತಕ್ಷಣ ನಡೆಯಬೇಡಿ, ಮರಗಟ್ಟಿದ ಪಾದ ತಿರುಚಿಕೊಂಡು ಬಿದ್ದವರಿದ್ದಾರೆ. ಮಂಡಿ ನೋವಿರುವವರಿಗೆ ಕುರ್ಚಿ ಇದೆ, ಅಂಗಾಲು ಪೂರ್ತಿ ನೆಲಕ್ಕೆ ತಾಗಬೇಕು. ಭಾನುವಾರದ ಅರ್ಧ ದಿನದ ಮೌನಕ್ಕೆ ಬರುವ ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಬರಬೇಡಿ. ಮನಸ್ಸಿನ ಚಿಕಿತ್ಸೆಯಲ್ಲಿರುವವರು ಮೊದಲು ವೈದ್ಯರನ್ನು ಕೇಳಿ, ಇಲ್ಲಿ ಕೂರುತ್ತೇವೆಂದು ಮಾತ್ರೆ ನಿಲ್ಲಿಸಬೇಡಿ.

ಬೆಣ್ಣೆ ದೋಸೆ ಕೂತೆದ್ದ ಮೇಲೆ. ಮೊದಲು ತಿಂದು ಬಂದವರ ತಲೆ ಐದನೇ ನಿಮಿಷಕ್ಕೆ ಎದೆಗೆ ಬೀಳುವುದನ್ನು ಐದು ವರ್ಷದಿಂದ ನೋಡುತ್ತಿದ್ದೇವೆ. ಪ್ರಸಾದವನ್ನೂ ಕುಟೀರದೊಳಗೆ ಹಂಚಬೇಡಿ. ಒಂದು ಹರಳು ಸಕ್ಕರೆ ಚಾಪೆಗೆ ಬಿದ್ದರೂ ಮರುದಿನ ಇರುವೆ ಸಾಲು, ಕಚ್ಚಿಸಿಕೊಳ್ಳುವವರು ಬೇರೆ ಯಾರೋ.

ಮರೆತಿದ್ದ ಇನ್ನೊಂದು. ಗೇಟಿನ ಕೀಲು ಐದು ವರ್ಷದಲ್ಲಿ ಒಮ್ಮೆಯೂ ಕಿರುಗುಟ್ಟಿಲ್ಲ. ಯಾರೋ ಎಣ್ಣೆ ಬಿಡುತ್ತಾರೆ, ಯಾರೆಂದು ಕಾವಲುಗಾರರಿಗೂ ಗೊತ್ತಿಲ್ಲ. ವಾಸನೆ ನೋಡಿದರೆ ಕೊಬ್ಬರಿ ಎಣ್ಣೆ. ಆ ಪುಣ್ಯಾತ್ಮರಿಗೆ ಶರಣು. ಕೊಬ್ಬರಿ ಎಣ್ಣೆಗೆ ಧೂಳು ಅಂಟಿ ಅಂಟಾಗುತ್ತಿದೆ, ಗ್ರೀಸ್ ಡಬ್ಬಿಯೊಂದನ್ನು ಕಾವಲು ಕೋಣೆಯ ಕಿಟಕಿಯಲ್ಲಿ ಇಟ್ಟಿದ್ದೇವೆ, ಅದನ್ನೇ ಬಳಸಿ.